ಮಾವಿನ ಮರದ ಬೆಣೆ

ಅವನ ಬಲಗೈ ಬೆರಳುಗಳ ಗೆಣ್ಣು ಊದಿಕೊಂಡು, ಮೇಲಿನ ಚರ್ಮ ಸತ್ತು, ಕರ್ರಗೆ ಹೊಳೆಯುತ್ತಿತ್ತು. ಎಡಗೈ ಮಾತ್ರ ಎಲ್ಲರ ಕೈಯಂತೆ ಇತ್ತು. ಜೀವಮಾನವಿಡೀ ಮರ ಬಡಿದೂ ಬಡಿದೂ ಒಂದೇ ಕೈಗೆ ವಯಸ್ಸಾದ ಹಾಗೆ ಕಾಣುತ್ತಿತ್ತು. ನಮ್ಮ ಮನೆಗೆ ಬಂದರೂ ಬಾಗಿಲನ್ನು ಮರದಂತೆಯೇ ಬಡಿಯುತ್ತಿದ್ದ. ಮೇಲೊಂದು ಸಲ, ನಡುವೆ ಒಂದು ಸಲ, ಆಮೇಲೆ ಬಗ್ಗಿ ಕೆಳಗೊಂದು ಸಲ. ಬಡಿದು ಸುಮ್ಮನೆ ನಿಲ್ಲುತ್ತಿದ್ದನೇ ಹೊರತು ಯಾರನ್ನೂ ಕೂಗುತ್ತಿರಲಿಲ್ಲ. ಒಳಗಿನಿಂದ ನಮ್ಮ ಅಜ್ಜಿ, "ಬಾಗ್ಲಿಗೆ ಹುಳ ಬಿದ್ದದ್ಯಾ ನೋಡ್ಕಂಡೇ ಒಳಗೆ ಬಾ ಮಾರಾಯಾ" ಎಂದ ಮೇಲೆ ಚಪ್ಪಲಿ ಬಿಟ್ಟು ಜಗಲಿಗೆ ಬರುತ್ತಿದ್ದ.

ನಾವು ಅವನನ್ನು ದೋಣಿ ಅಜ್ಜ ಎನ್ನುತ್ತಿದ್ದೆವು. ನಮಗೆ ಅವನು ಸಂಬಂಧಿಕನೇನಲ್ಲ. ನಮ್ಮದು ಅಂಕೋಲೆಯ ಹತ್ತಿರದ ಹಳ್ಳಿ, ಗದ್ದೆ ಮತ್ತು ನಾಲ್ಕು ಮಾವಿನ ಮರದ ಮನೆ. ಅವನದು ಕೇಣಿ, ಕಡಲಿಗೆ ಹೋಗುವವರ ಕೇರಿ. ಮನೆಯಲ್ಲಿ ಕೊಂಕಣಿ, ನಮ್ಮೊಡನೆ ಕನ್ನಡ, ಮರದೊಡನೆ ಯಾವ ಭಾಷೆಯೋ ಅವನಿಗೇ ಗೊತ್ತು. ಒಂದೇ ಮಾವಿನ ಕಾಂಡವನ್ನು ಕೊರೆದು ಪಾತಿ ದೋಣಿ ಮಾಡುವುದು ಅವನ ಕಸುಬಾಗಿತ್ತು. ದೀಪಾವಳಿ ಕಳೆದು ಮರಗಳ ಮಳೆತೇವ ಆರಿದ ಮೇಲೆ ಊರೂರು ತಿರುಗಿ ದೋಣಿಗೆ ಆಗುವ ಮರ ಹುಡುಕುತ್ತಿದ್ದ. ಕಡಿದು ಉರುಳಿಸಿದ ಮೇಲೆ ಒಳಗೆ ಕೊಳೆತಿದೆ ಎಂದು ಗೊತ್ತಾದರೆ ಎಲ್ಲ ದಂಡ. ಹಾಗಾಗಿ ನಿಂತ ಮರವನ್ನು ಬಡಿದು ಅದರ ಹೊಟ್ಟೆಯೊಳಗಿನ ಸುದ್ದಿ ತಿಳಿಯುವ ಅಭ್ಯಾಸ ಅವನಿಗೆ ಎಳೆಯ ವಯಸ್ಸಿನಿಂದಲೇ ಆಗಿತ್ತು.

ನಾನು ಅಂಕೋಲಾ ಪೇಟೆಯಲ್ಲಿ ಹೊಲಿಗೆ ಅಂಗಡಿ ಇಡುವ ಹೊತ್ತಿಗೆ ಕೇಣಿಯಲ್ಲಿ ಫೈಬರ್ ದೋಣಿಗಳು ಸಾಲಾಗಿ ಬಂದು ಕೂತಿದ್ದವು. ನೀಲಿ, ಹಳದಿ ಬಣ್ಣದ ಹಗುರ ದೋಣಿಗಳು. ಪಾತಿ ದೋಣಿ ಕೇಳುವವರೇ ಇಲ್ಲವಾದರು. ಅಜ್ಜ ಒಂದಿಷ್ಟು ದಿನ ಫೈಬರಿಗೆ ಬಾಯಿಗೆ ಬಂದ ಹಾಗೆ ಬೈದ. ಆಮೇಲೆ ಜನ ಅವನನ್ನು ಬೇರೆ ಕೆಲಸಕ್ಕೆ ಕರೆಯತೊಡಗಿದರು. ಮನೆಯ ಮೇಲೆ ವಾಲಿದ ಹಳೆಯ ಮರದ ಗೆಲ್ಲು ಕಡಿಯಬೇಕು, ಯಾವ ಗೆಲ್ಲಿನ ಮೇಲೆ ಕಾಲಿಡಬಹುದು, ಹಗ್ಗ ಎಲ್ಲಿ ಕಟ್ಟಬಹುದು ಎಂದು ಹೇಳುವವರು ಬೇಕು. ಅಜ್ಜ ಕೆಳಗೆ ನಿಂತು ಹೇಳುತ್ತಿದ್ದ, ಅವನ ಮಗ ಮೇಲೆ ಹತ್ತಿ ಕಡಿಯುತ್ತಿದ್ದ.

ಕೆಲಸಕ್ಕೆ ಬಂದರೆ ಮೊದಲು ಮರದ ಕಡೆ ನೋಡುತ್ತಲೇ ಇರಲಿಲ್ಲ. ಆ ಮನೆಯ ಹಿರಿಯ ಹೆಂಗಸು ಯಾರು ಎಂದು ಕೇಳಿ, ಅವಳ ಎದುರು ಕೂತು ಎಲೆಗೆ ಸುಣ್ಣ ಹಚ್ಚುತ್ತ ವಿಚಾರಿಸುತ್ತಿದ್ದ. "ನೀ ಮದ್ವೆಯಾಗಿ ಬಂದಾಗಿಂದ ಈ ಮರಕ್ಕೆ ಎಲ್ಲೆಲ್ಲಿ ಏಟು ಬಿದ್ದದೆ ಹೇಳು. ಸಿಡ್ಲು ಬಡ್ದಿತ್ತಾ? ಉಯ್ಯಾಲೆ ಕಟ್ಟಿದ್ರಾ? ಎಮ್ಮೆ ಕಟ್ಟೂಕೆ ಮೊಳೆ ಹೊಡ್ದಿದ್ರಾ?" ಹಳೆಯ ಗಾಯದಿಂದಲೇ ಕೊಳೆ ಒಳಗೆ ಇಳಿಯುತ್ತದೆ, ಹೊರಗೆ ತೊಗಟೆ ಬಾಯಿ ಮುಚ್ಚಿಕೊಂಡರೂ ಒಳಗೆ ಅದು ನಡೆದೇ ಇರುತ್ತದೆ ಎನ್ನುತ್ತಿದ್ದ. ಗಂಡಸರಿಗೆ ಇದನ್ನು ಕೇಳಿ ಪ್ರಯೋಜನವಿಲ್ಲವಂತೆ. ಅವರಿಗೆ ಮರ ಎಷ್ಟು ಕಾಯಿ ಬಿಟ್ಟಿತು ಎನ್ನುವುದಷ್ಟೇ ನೆನಪಿರುತ್ತದಂತೆ. ನಮ್ಮಪ್ಪ ಇದಕ್ಕೆ ಸಿಟ್ಟಾಗುತ್ತಿದ್ದ, ಅಜ್ಜಿ ಹಿಗ್ಗುತ್ತಿದ್ದಳು.

ಆಮೇಲೆ ಪಂಪು, ರೇಡಿಯೊ ಎಲ್ಲ ಬಂದ್ ಮಾಡಿಸುತ್ತಿದ್ದ. ಬುಡದಲ್ಲಿ ಅಣಬೆ ಎದ್ದಿದೆಯೇ, ಇರುವೆ ಹಿಟ್ಟಿನಂಥ ಪುಡಿ ಹೊರಗೆ ಹಾಕಿದೆಯೇ ಎಂದು ಮೊಣಕಾಲೂರಿ ನೋಡುತ್ತಿದ್ದ. ಕೊನೆಗೆ ಹುಣಸೆ ಮರದ ಕೊಡತಿಯಿಂದ ಬಡಿದು, ತೊಗಟೆಗೆ ಕಿವಿ ಒತ್ತಿ ಕಣ್ಣು ಮುಚ್ಚಿಕೊಳ್ಳುತ್ತಿದ್ದ. ಸಣ್ಣ ಕಡೆ ಬೆರಳ ಗೆಣ್ಣೇ ಸಾಕಾಗುತ್ತಿತ್ತು. ಮರ ಗಟ್ಟಿ ಇದ್ದರೆ "ಮನೇಲಿ ಜನ ಇದ್ದಾರೆ" ಎನ್ನುತ್ತಿದ್ದ. ಟೊಳ್ಳಾಗಿದ್ದರೆ "ಮನೆ ಖಾಲಿ" ಎನ್ನುತ್ತಿದ್ದ. ಮಗ ಆ ಒಂದು ಮಾತಿಗೆ ಕಾಯುತ್ತ ಹಗ್ಗ ಹೆಗಲಿಗೆ ಹಾಕಿಕೊಂಡು ನಿಂತಿರುತ್ತಿದ್ದ. "ಜನ ಇದ್ದಾರೆ" ಎಂದರೆ ಮತ್ತೊಂದು ಮಾತು ಕೇಳದೆ ಹತ್ತಿಬಿಡುತ್ತಿದ್ದ.

ಆ ಮಗನಿಗೆ ನಿಜವಾಗಿ ಬೇಕಿದ್ದದ್ದು ಕಡಲು. ಕಾರವಾರದ ಬಂದರಿನಲ್ಲಿ ಟ್ರಾಲರಿಗೆ ಸೇರುತ್ತೇನೆ ಎಂದು ಹಟ ಹಿಡಿದಿದ್ದ. ಹೊಸದಾಗಿ ಮದುವೆಯೂ ಆಗಿತ್ತು. ಅಜ್ಜ ಬಿಡಲಿಲ್ಲ. ಅಜ್ಜನ ಇಬ್ಬರು ಅಣ್ಣಂದಿರನ್ನು ಕಡಲು ನುಂಗಿತ್ತು. ಒಮ್ಮೆ ನಮ್ಮ ಜಗಲಿಯಲ್ಲೇ ಅಪ್ಪ ಮಗನಿಗೆ ಮಾತಿಗೆ ಮಾತು ಬೆಳೆಯಿತು.

"ಕಡಲನ್ನ ಬಡಿದು ನೋಡೂಕಾಗ್ತದಾ?" ಎಂದು ಅಜ್ಜ ಕೂಗಿದ. "ಒಳಗೆ ಎಂತ ಅದೆ ಹೇಳಿ ಯಾರಿಗೆ ಗೊತ್ತು? ಮರ ಆದ್ರೆ ನಾ ಹೇಳ್ತೆ. ನಾ ಕೆಳಗೆ ಇರ್ತೆ."

ಮಗ ನಕ್ಕುಬಿಟ್ಟ. ಅವನ ಸಮಾಧಾನಕ್ಕೆಂದೇ ಅಜ್ಜ ಅವನ ಹೆಸರಿನಲ್ಲಿ ಒಂದು ಪಾತಿ ದೋಣಿ ಕೆತ್ತಿದ. ಅದಕ್ಕೆ ಕಾಂಡ ಹೋದದ್ದು ನಮ್ಮ ಹಿತ್ತಲಿನಿಂದಲೇ, ಗಾಳಿಗೆ ಬುಡಮೇಲಾಗಿದ್ದ ಕಾಟು ಮಾವಿನ ಮರ. ದೂರ ಹೋಗುವುದು ಬೇಡ, ಹೊಳೆಬಾಯಲ್ಲಿ ದಡ ಕಾಣುವಷ್ಟರಲ್ಲೇ ಬಲೆ ಬಿಟ್ಟು ಬಾ ಎನ್ನುವುದು ಅವನ ಲೆಕ್ಕ. "ಈಗ ಇದ್ರಲ್ಲಿ ಹೋದ್ರೆ ಮೀನೂ ನಗಾಡ್ತವು" ಎಂದು ಮಗ ಚೇಷ್ಟೆ ಮಾಡಿದ. ಅದು ಕೇಣಿಯ ಅವರ ಅಂಗಳದಲ್ಲಿ ತೆಂಗಿನ ಗರಿ ಹೊದ್ದುಕೊಂಡು ಬೋರಲಾಗಿ ಬಿದ್ದಿತ್ತು. ನೀರು ಮುಟ್ಟಿದ್ದೇ ಇಲ್ಲ.

ನಮ್ಮ ಮನೆಯ ಹಿಂದೆ ಒಂದು ಕರಿ ಇಶಾಡ ಮಾವಿನ ಮರವಿದೆ. ಅಪ್ಪನ ಅಜ್ಜ ನೆಟ್ಟದ್ದು. ಅದರ ಒಂದು ದೊಡ್ಡ ಗೆಲ್ಲು ಅಡಿಗೆಮನೆ ದಾಟಿ ಅಜ್ಜಿ ಮಲಗುವ ಕೋಣೆಯ ಹಂಚಿನ ಮೇಲೆ ಚಾಚಿಕೊಂಡಿತ್ತು. ಬೇಸಿಗೆಯಲ್ಲೇ ಅದನ್ನು ಕಡಿಸಬೇಕಿತ್ತು. ಆದರೆ ಆ ವರ್ಷ ಹೂವು ತಡವಾಗಿ ಬಂದು, ಗೆಲ್ಲಿನ ತುಂಬ ಕಾಯಿ ತೂಗುತ್ತಿತ್ತು. ಕಾಯಿ ಹೊತ್ತ ಗೆಲ್ಲಿಗೆ ಕೊಡಲಿ ಹಾಕುವುದು ನಮ್ಮ ಕಡೆ ಸಲ್ಲ. ಬಸುರಿಯನ್ನು ಹೊಡೆದ ಪಾಪ ಬರುತ್ತದೆ ಎಂದು ಅಜ್ಜಿ ಹೇಳುತ್ತಿದ್ದಳು. ದೋಣಿ ಅಜ್ಜನೂ ಅದನ್ನೇ ಹೇಳಿದ. "ಹೆರಿಗೆ ಆಗ್ಲಿ, ಆಮೇಲೆ ಬರ್ತೆ" ಎಂದು ನಗುತ್ತ ಹೋದ. ಹಣ್ಣು ಇಳಿಸಿ ಮುಗಿಯುವುದರೊಳಗೆ ಜೂನಿನ ಮಿರ್ಗದ ಮಳೆ ಹಿಡಿದುಬಿಟ್ಟಿತು. ಬಿಡದೆ ಸುರಿದ ಮಳೆಗೆ ಒಂದು ಬೆಳಗ್ಗೆ ಆ ಗೆಲ್ಲಿನ ತುದಿ ಮುರಿದು ಅಜ್ಜಿಯ ಕೋಣೆಯ ಹಂಚಿನ ಮೇಲೆ ಬಿತ್ತು. ಮುರಿದ ತುದಿ ಅರ್ಧ ಕಿತ್ತುಕೊಂಡು ಅಲ್ಲೇ ನೇತಾಡುತ್ತಿತ್ತು. ಅಪ್ಪ ಕೇಣಿಗೆ ಓಡಿದ.

ಅಜ್ಜ ಮತ್ತು ಮಗ ಪ್ಲಾಸ್ಟಿಕ್ ಕೊಪ್ಪೆ ಹೊದ್ದುಕೊಂಡು ಬಂದರು. ಮಳೆ ಆಗ ಸ್ವಲ್ಪ ಬಿಟ್ಟಿತ್ತು. ಅಜ್ಜ ಎಂದಿನಂತೆ ನಮ್ಮ ಅಜ್ಜಿಯ ಎದುರು ಕೂತು ಕೇಳಿದ. ತಾನು ಮದುವೆಯಾಗಿ ಬಂದ ಹೊಸತರಲ್ಲಿ ಆ ಗೆಲ್ಲಿನ ಬುಡದಲ್ಲೇ ಒಂದು ಟೊಂಗೆ ಸೀಳಿತ್ತು, ಮಾವ ಸುಣ್ಣ ಮೆತ್ತಿದ್ದರು, ಆಮೇಲೆ ಅಲ್ಲಿ ಗಿಳಿ ಪೊಟರೆ ಮಾಡಿತ್ತು ಎಂದು ಅಜ್ಜಿ ಹೇಳಿದಳು. ಅಜ್ಜನ ಮುಖ ಗಂಭೀರವಾಯಿತು. ಏಣಿ ಹಾಕಿಸಿ ತಾನೇ ಹತ್ತಿದ. ಗೆಲ್ಲಿನ ಬುಡವನ್ನು ಸುತ್ತ ಬಡಿದ, ಮತ್ತೆ ಬಡಿದ, ಒದ್ದೆ ತೊಗಟೆಗೆ ಕೆನ್ನೆ ಇಟ್ಟು ಬಹಳ ಹೊತ್ತು ನಿಂತ. ಅಷ್ಟು ಹೊತ್ತು ಅವನು ಯಾವ ಮರಕ್ಕೂ ಕಿವಿ ಕೊಟ್ಟದ್ದನ್ನು ನಾನು ಕಂಡಿರಲಿಲ್ಲ. ಇಳಿದು ಬಂದು ಹೇಳಿದ.

"ಮನೇಲಿ ಜನ ಇದ್ದಾರೆ."

ಮಗ ಹತ್ತಿದ. ಗೆಲ್ಲಿನ ಬುಡದ ಮೇಲೆ ಕಾಲೂರಿ, ಅದಕ್ಕೇ ಹಗ್ಗ ಸುತ್ತಿ ಸೊಂಟಕ್ಕೆ ಕಟ್ಟಿಕೊಂಡು ಕೊಡಲಿ ಎತ್ತಿದ. ಕೆಲವು ಏಟು ಬಿದ್ದಿರಬಹುದು, ಅಷ್ಟೇ. ಗೆಲ್ಲು ಅವನು ಕಡಿಯುತ್ತಿದ್ದಲ್ಲಿ ಮುರಿಯಲಿಲ್ಲ, ಬುಡದಿಂದಲೇ ಕಳಚಿಕೊಂಡಿತು. ಕಳಚಿದ ಜಾಗದಿಂದ ಕಪ್ಪು ನೀರು ಕೊಡಗಟ್ಟಲೆ ಸುರಿಯಿತು. ಹಗ್ಗ ಬಿಗಿದಿದ್ದರಿಂದ ಅವನು ಗೆಲ್ಲಿನ ಜೊತೆಗೇ ಬಂದ, ಗೆಲ್ಲಿನ ಅಡಿಗೆ ಬಿದ್ದ. "ಪುತಾ" ಎಂದು ಅಜ್ಜ ತನ್ನ ಕೊಂಕಣಿಯಲ್ಲಿ ಮಗನನ್ನು ಕೂಗಿದ್ದು ಈಗಲೂ ನನ್ನ ಕಿವಿಯಲ್ಲಿದೆ. ಟೆಂಪೋದಲ್ಲಿ ಹಾಕಿಕೊಂಡು ಅಂಕೋಲೆಗೆ ಹೊರಟರು. ಆಸ್ಪತ್ರೆ ಮುಟ್ಟುವ ಮುಂಚೆಯೇ ಜೀವ ಹೋಗಿತ್ತು.

ಟೆಂಪೋ ಬರುವ ತನಕ ಅಜ್ಜ ಮಗನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಅವನ ಲುಂಗಿ, ಕೈ ಎಲ್ಲ ಆ ಕಪ್ಪು ನೀರಿನಲ್ಲಿ ತೊಯ್ದಿತ್ತು. ಒಮ್ಮೆ ಕೈಯನ್ನು ಮೂಗಿಗೆ ಹಿಡಿದು ಮೂಸಿದ. "ಮರ ಅಲ್ಲ ಮಾತಾಡಿದ್ದು, ನೀರು" ಎಂದ. ನಮ್ಮಲ್ಲಿ ಯಾರಿಗೂ ಆಗ ಅದರ ಅರ್ಥವಾಗಲಿಲ್ಲ.

ಹನ್ನೆರಡನೆಯ ದಿನದ ಕಾರ್ಯ ಮುಗಿಯುವುದನ್ನೇ ಕಾದು ಅಪ್ಪ ಆ ಮರವನ್ನು ಬುಡಸಮೇತ ತೆಗೆಸಲು ಆಳು ಕರೆಸಿದ. ಅದನ್ನು ನೋಡಿಕೊಂಡು ಅನ್ನ ಉಣ್ಣಲು ನಮ್ಮಲ್ಲಿ ಯಾರಿಗೂ ಆಗುತ್ತಿರಲಿಲ್ಲ. ಯಾರು ಸುದ್ದಿ ಮುಟ್ಟಿಸಿದರೋ, ದೋಣಿ ಅಜ್ಜ ಬಂದ. ಬಾಗಿಲು ಬಡಿಯದೆ ನೇರ ಹಿತ್ತಲಿಗೆ ಹೋಗಿ ಮರಕ್ಕೆ ಬೆನ್ನು ಕೊಟ್ಟು ನಿಂತ.

"ಕಡೀಬೇಡಿ. ಇದ್ರ ಹತ್ರ ನಂಗೆ ಕೇಳೂದದೆ" ಎಂದ.

ಆಳುಗಳು ಮುಖ ಮುಖ ನೋಡಿಕೊಂಡು ಹೋದರು. ನಮ್ಮ ಅಜ್ಜಿ ಆ ದಿನದಿಂದ ಅವನಿಗೆ ಮುಖ ಕೊಡಲಾರದೆ ಒಳಗೇ ಇದ್ದಳು. ಅವನೇ ಕಿಟಕಿಯ ಹತ್ತಿರ ಹೋಗಿ, "ನೀ ಹೇಳಿದ್ದು ಎಲ್ಲಾ ಸಮ ಇತ್ತು ಬಾಯೀ. ಅಳ್ಬೇಡ" ಎಂದ. ಅಜ್ಜಿ ಕಂಬಿ ಹಿಡಿದುಕೊಂಡು ಬಿಕ್ಕಿದಳು. ಒಬ್ಬರನ್ನೊಬ್ಬರು ಸಮಾಧಾನ ಮಾಡಲು ಹೋಗಿ ಇಬ್ಬರೂ ಅತ್ತರು.

ಆ ಮಳೆಗಾಲವಿಡೀ ಅವನು ಬರುತ್ತಿದ್ದ. ಬಡಿಯುವುದು, ಕಿವಿ ಇಡುವುದು, ಹೋಗುವುದು. ಚಹಾ ಕೊಟ್ಟರೆ ಕುಡಿಯುತ್ತಿದ್ದ, ಕೊಡದಿದ್ದರೆ ಇಲ್ಲ. ಮಳೆ ನಿಂತು ದಸರೆ ಕಳೆದು ಬಿಸಿಲು ಬಲಿತ ಮೇಲೂ ಬಂದ. ಒಂದು ದಿನ ಅಜ್ಜಿಯನ್ನು ಕೈ ಹಿಡಿದು ಕರೆದುಕೊಂಡು ಹೋಗಿ ಕೊಡತಿಯಿಂದ ಬಡಿದು ಕೇಳಿಸಿದ. ಮರ ಟೊಳ್ಳು ಟೊಳ್ಳಾಗಿ ದನಿಗೊಟ್ಟಿತು. ಒಳಗಿನ ನೀರೆಲ್ಲ ಆರಿತ್ತು. ಅವನು ಆಗ ಎಲ್ಲ ಬಿಡಿಸಿ ಹೇಳಿದ. ಕೊಳೆತ ಹೊಟ್ಟೆಯಲ್ಲಿ ಮಳೆನೀರು ತುಂಬಿ ನಿಂತರೆ ಬಡಿದಾಗ ಗಟ್ಟಿ ಮರದ ಸದ್ದೇ ಬರುತ್ತದೆ. ಅವನ ಜೀವಮಾನವೆಲ್ಲ ಮರ ನೋಡಿದ್ದು ಒಣ ದಿನಗಳಲ್ಲಿ. ಮಳೆಗಾಲದಲ್ಲಿ ದೋಣಿಗೆಂದು ಮರ ಬಡಿಯುವವರು ಯಾರಿದ್ದಾರೆ? ಆ ಒಂದು ಸದ್ದು ಅವನ ಕಿವಿಗೆ ಯಾವತ್ತೂ ಬಿದ್ದಿರಲಿಲ್ಲ.

"ಯಾರೂ ಹೇಳ್ಲಿಲ್ಲ ನಂಗೆ. ನಮ್ಮಪ್ಪನಿಗೂ ಗೊತ್ತಿರ್ಲಿಲ್ಲ ಕಾಣ್ತದೆ" ಎಂದು ಅಜ್ಜಿಗೆ ಹೇಳಿದ.

ಮರುವರ್ಷ ಮಳೆ ಬಿದ್ದಾಗ ದೋಣಿಗೆ ತೂತು ಹೊಡೆಯುವ ಬೈರಿಗೆ ಹಿಡಿದುಕೊಂಡು ಬಂದ. ಕೈಯಲ್ಲಿ ತಿರುಗಿಸುತ್ತ ತಿರುಗಿಸುತ್ತ ಕೊರೆಯುವ ಉದ್ದ ಕಬ್ಬಿಣ ಅದು. ಮರದ ಕೆಳಭಾಗದಲ್ಲಿ ಕಿರುಬೆರಳಿನ ದಪ್ಪದ ತೂತು ಹಾಕಿದ. ಕಪ್ಪು ನೀರು ಪಿಚಕ್ಕನೆ ಚಿಮ್ಮಿ ಅವನ ಎದೆಗೆ ಹೊಡೆಯಿತು. ಅವನು ಸರಿಯಲಿಲ್ಲ. ಎಲ್ಲ ನೀರು ಹರಿದು ಹೋಗುವ ತನಕ ಕೂತು, ಚೀಲದಿಂದ ಮರದ ಒಂದು ಚಿಕ್ಕ ಬೆಣೆ ತೆಗೆದು ಈ ಗಾಯದಿಂದ ಮತ್ತೆ ಕೊಳೆ ಇಳಿಯದ ಹಾಗೆ ತೂತಿಗೆ ಬಡಿದು ಮುಚ್ಚಿದ. ಒಣ ಮಾವಿನ ಬೆಣೆ ತೇವಕ್ಕೆ ಉಬ್ಬಿ ತಾನೇ ಬಿಗಿಯುತ್ತದೆ, ದೋಣಿಯ ತೂತು ಮುಚ್ಚುವುದೂ ಹಾಗೆಯೇ ಎಂದ.

ಆಮೇಲೆ ಅವನು ಕರೆಯದಿದ್ದರೂ ಮನೆ ಮನೆಗೆ ಹೋಗತೊಡಗಿದ. ಮಳೆಗಾಲದಲ್ಲಿ ಯಾರಾದರೂ ಮರ ಹತ್ತುತ್ತಾರೆಂದು ಕಿವಿಗೆ ಬಿದ್ದರೆ ಬೈರಿಗೆ ಚೀಲ ಹೆಗಲಿಗೇರಿಸಿ ಹಾಜರು. "ಮನೇಲಿ ಜನ ಇದ್ದಾರೆ" ಎನ್ನುವ ಮಾತು ಮಾತ್ರ ಅವನ ಬಾಯಲ್ಲಿ ಮತ್ತೆ ಬರಲೇ ಇಲ್ಲ. ಬಂಡೆಯಂಥ ಮರವಾದರೂ, "ನಂಗೆ ಗೊತ್ತಿಲ್ಲ, ಕೊರೆದು ನೋಡ್ವಾ" ಎನ್ನುತ್ತಿದ್ದ. ಜನಕ್ಕೆ ಕಿರಿಕಿರಿ. ಮಗನನ್ನು ತಿಂದುಕೊಂಡವನು ಅಂಗಳಕ್ಕೆ ಬರುವುದು ಅಪಶಕುನ ಎಂದು ಬಾಗಿಲು ಹಾಕಿಕೊಂಡವರೂ ಇದ್ದಾರೆ. ಅಂಥವರ ಹೆಸರು ನನಗೆ ಗೊತ್ತಿದೆ, ಅವರಿಗೆ ರವಿಕೆ ಹೊಲಿದುಕೊಡುವಾಗ ಈಗಲೂ ನನ್ನ ಸೂಜಿ ಚುರುಕಾಗುತ್ತದೆ.

ನನ್ನ ತಮ್ಮ ಆಗ ಕರೆಂಟಿನ ಲೈನ್ ಕೆಲಸಕ್ಕೆ ಹೊಸದಾಗಿ ಸೇರಿದ್ದ. ಒಂದು ಆಷಾಢದ ಮಧ್ಯಾಹ್ನ ನನ್ನ ಅಂಗಡಿಯ ಎದುರಿನ ಹಳೆಯ ಮಾವಿನ ಗೆಲ್ಲು ತಂತಿಯ ಮೇಲೆ ಒರಗಿ ಪೇಟೆಯ ಆ ಬದಿಗೆಲ್ಲ ಕರೆಂಟು ಹೋಯಿತು. ತಮ್ಮ ಏಣಿ, ಹಗ್ಗ, ಕತ್ತಿ ಹಿಡಿದು ಬಂದ. ಮೀನುಪೇಟೆಯ ಕಡೆಯಿಂದ ಬರುತ್ತಿದ್ದ ಅಜ್ಜ ಅದನ್ನು ಕಂಡವನೇ ಮಳೆಯಲ್ಲಿ ಓಡಿಬಂದು ಏಣಿಯನ್ನು ತಬ್ಬಿಕೊಂಡ.

"ಹತ್ಬೇಡ ತಮ್ಮಾ. ನೀರು ಇಳಿಲಿ."

"ಅಜ್ಜಾ, ಜನ ಬೈತಾ ಇದ್ದಾರೆ, ಬಿಡು" ಎಂದು ತಮ್ಮ ಏಣಿ ಎಳೆದ.

ಅಂಗಡಿಯವರು ಹೊರಗೆ ಬಂದು ನಿಂತರು. ಮಗ ಹೋದ ಮೇಲೆ ಮುದುಕನ ತಲೆ ಸಮ ಇಲ್ಲ ಎಂದು ಯಾರೋ ಗಟ್ಟಿಯಾಗಿಯೇ ಅಂದರು. ಅಜ್ಜನಿಗೆ ಕೇಳಿಸಿರಲೇಬೇಕು. ಏಣಿಯ ಮೆಟ್ಟಿಲಿಗೆ ಒಂದು ತೋಳು ಸಿಕ್ಕಿಸಿಕೊಂಡೇ ಇನ್ನೊಂದು ಕೈಯಲ್ಲಿ ಬೈರಿಗೆ ತೆಗೆದು ಹೆಗಲೆತ್ತರದಲ್ಲಿ ಒತ್ತಿ ತಿರುಗಿಸಿದ. ಬಿಳಿ ಹೊಟ್ಟು ಬಂತು, ಗಟ್ಟಿ ಮರದ ಹೊಟ್ಟು. ಜನ ನಕ್ಕರು. ನನಗೂ ಮುಖ ಮುಚ್ಚಿಕೊಳ್ಳುವ ಹಾಗಾಯಿತು. ತಮ್ಮ ಅವನ ತೋಳು ಬಿಡಿಸಿ ಮೊದಲ ಮೆಟ್ಟಿಲಿಗೆ ಕಾಲಿಟ್ಟ. ಅಜ್ಜ ಅವನ ಇನ್ನೊಂದು ಕಾಲನ್ನು ಹಿಡಿದುಕೊಂಡ. ಅಷ್ಟು ವಯಸ್ಸಾದವನು ರಸ್ತೆಯ ಕೆಸರಿನಲ್ಲಿ ಕೂತು, ಅವನ ಕಾಲು ಹಿಡಿದು, "ಇನ್ನೊಂದೇ ಒಂದು ತೂತು ತಮ್ಮಾ, ಒಂದೇ ಒಂದು" ಎಂದು ಬೇಡಿಕೊಂಡ.

ತಮ್ಮ ನಾಚಿಕೊಂಡು ಕೆಳಗಿಳಿದ. ಈ ಸಲ ಅಜ್ಜ ಮೊಣಕಾಲಿನ ಎತ್ತರದಲ್ಲಿ ಕೊರೆದ. ಮೊದಲು ಬಿಳಿ ಹೊಟ್ಟು, ಆಮೇಲೆ ಕಂದು ಹೊಟ್ಟು, ಆಮೇಲೆ ಕಪ್ಪು ನೀರು. ತಮ್ಮನ ಬೂಟಿನ ಮೇಲೆಲ್ಲ ಹರಿಯಿತು. ನಕ್ಕವರು ಹಿಂದೆ ಸರಿದರು. ಕರೆಂಟಿನವರು ದೊಡ್ಡ ಗಾಡಿ ತರಿಸಿ ಆ ಮರವನ್ನು ಹಗ್ಗ ಕಟ್ಟಿ ಎಳೆದರು. ಬುಡದೊಳಗೆ ಒಬ್ಬ ಮನುಷ್ಯ ಮುದುರಿ ಕೂರುವಷ್ಟು ಜಾಗ ಕೊಳೆತು ಖಾಲಿಯಾಗಿತ್ತು. ತಮ್ಮ ಆ ರಾತ್ರಿ ಊಟಕ್ಕೆ ಕೂತು, ತಟ್ಟೆ ನೋಡುತ್ತ ಕೂತೇ ಇದ್ದ. ಅಮ್ಮ ಅವನ ತಲೆ ಸವರಿದಳು.

ಅದಾಗಿ ಕೆಲವು ವರ್ಷ ಅಜ್ಜ ಹೀಗೇ ತಿರುಗಿದ. ಒಂದು ಮಳೆಗಾಲ ಅವನು ಬರಲಿಲ್ಲ. ಜ್ವರ ಎಂದರು. ಆಮೇಲೆ ಹೋದ ಎಂದರು. ನಾನು ಮತ್ತು ತಮ್ಮ ಬೈಕಿನಲ್ಲಿ ಕೇಣಿಗೆ ಹೋದೆವು. ಸೊಸೆ ಒಬ್ಬಳೇ ಇದ್ದಳು. ಗಂಡ ಹೋದ ಮೇಲೆ ಅವಳು ತವರಿಗೆ ಹೋಗಿರಲಿಲ್ಲ, ಮೀನು ಮಾರಿ ಮಾವನನ್ನು ನೋಡಿಕೊಂಡಿದ್ದಳು. ಕೊನೆಯ ದಿನಗಳಲ್ಲಿ ಅವನು ಮಲಗಿದಲ್ಲಿಂದಲೇ ಗೋಡೆಯನ್ನು ಗೆಣ್ಣಿನಿಂದ ಬಡಿಯುತ್ತಿದ್ದನಂತೆ. ಇವಳು ಒಲೆಯ ಹತ್ತಿರದಿಂದ, "ಇದ್ದೆ ಮಾವಾ, ಇಲ್ಲೇ ಇದ್ದೆ" ಎನ್ನಬೇಕಿತ್ತಂತೆ. ಹೇಳುತ್ತ ಹೇಳುತ್ತ ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಹೊರಡುವಾಗ ಅಂಗಳದಲ್ಲಿ ಆ ಪಾತಿ ದೋಣಿ ಕಂಡಿತು. ಬೋರಲಾಗಿಯೇ ಇತ್ತು, ಆದರೆ ಒಂದು ಬದಿ ಪೂರ್ತಿ ಇರಲಿಲ್ಲ. ಅಂಚಿನಿಂದ ಹಿಡಿದು ನಡುವಿನ ತನಕ ತುಂಡು ತುಂಡಾಗಿ ಕೊಯ್ದು ತೆಗೆದಿದ್ದರು. ಗೆದ್ದಲು ತಿಂದಿತೇ ಎಂದು ತಮ್ಮ ಕೇಳಿದ.

"ಗೆದ್ದಲಲ್ಲ, ಮಾವ" ಎಂದಳು ಸೊಸೆ. "ಬೆಣೆ ಬೇಕಾದಾಗೆಲ್ಲಾ ಇದ್ರದ್ದೇ ಒಂದು ತುಂಡು ಕೊಯ್ತಿದ್ರು. ಬೇರೆ ಕಟ್ಟಿಗೆ ಇಲ್ವಾ ಮಾವಾ, ನಿಮ್ಮ ಮಗನ ದೋಣಿ ಅಲ್ದಾ ಅದು, ಒಂದು ನೆನಪಾದ್ರೂ ಇರ್ಲಿ ಅಂದೆ. ಅದ್ಕೆ ಮಾವ, ಅವನ ದೋಣಿ ಅಂತಲೇ ಕೊಯ್ಯೂದು, ಎಲ್ರ ಮರದ ಹತ್ರನೂ ಅವನೇ ನಿಂತು ಕಾಯ್ಲಿ ಅಂದ್ರು."

ತಮ್ಮ ಆ ದೋಣಿಯನ್ನು ನೋಡುತ್ತ ನಿಂತುಬಿಟ್ಟ. ಬಾ ಎಂದು ನಾನೇ ಕೈ ಹಿಡಿದು ಎಳೆದೆ. ಮನೆಗೆ ಬಂದವನೇ ಒಳಗೆ ಬರದೆ ಹಿತ್ತಲಿಗೆ ಹೋಗಿ, ಇಶಾಡ ಮರದ ಬುಡದಲ್ಲಿ ಆ ಬೆಣೆಯ ಮೇಲೆ ಅಂಗೈ ಇಟ್ಟುಕೊಂಡು ಕೂತ. ಮಳೆ ಬಂತು. ಅಮ್ಮ ಜಗಲಿಯಿಂದ ಅವನ ಹೆಸರು ಹಿಡಿದು ಕರೆಯುತ್ತಲೇ ಇದ್ದಳು. ಸ್ವಲ್ಪ ಹೊತ್ತಾದ ಮೇಲೆ ಅವನು ಅಲ್ಲಿಂದಲೇ, "ಇದ್ದೆ ಆಯಿ, ಇಲ್ಲೇ ಇದ್ದೆ" ಎಂದ.